ಕಟ್ಟಿದ ದೊಡ್ಡ ನಾಯಿ ಎಲ್ಲರಿಗೂ ಯಾಕೆ ಬೊಗಳುತ್ತದೆ

ದೊಡ್ಡ ನಾಯಿಯ ಗುಣ ಕೆಡಿಸಿದ್ದು ಮನುಷ್ಯ. ಕೆಡಿಸಿದ್ದೂ ಅಲ್ಲದೆ, ಆ ಜಾತಿಯೇ ಕೆಟ್ಟದ್ದು ಅಂತ ಹೆಸರಿಟ್ಟ. ಹೇಗೆ ಕೆಡಿಸಿದ, ಕೇಳು ಮಗು.

ಆಗ ಭೂಮಿ ಇನ್ನೂ ಹಸಿಯಾಗಿತ್ತು. ಎಲ್ಲಿ ಕೂರಬೇಕೆಂದು ಗುಡ್ಡಗಳು ಜಗಳವಾಡುತ್ತಿದ್ದವು. ಹುಲ್ಲು, ಗಾಳಿ, ಕುರಿ ಎಲ್ಲವೂ ಗದ್ದಲ ಮಾಡುತ್ತಿದ್ದವು. ದೊಡ್ಡ ನಾಯಿ ಮಾತ್ರ ತಣ್ಣಗಿತ್ತು. ಬೊಗಳುವುದು ಅದಕ್ಕೆ ಗೊತ್ತೇ ಇರಲಿಲ್ಲ. ಬೇಕಾಗಿರಲೂ ಇಲ್ಲ.

ಅದರ ಹೆಸರು ಕೆಂದ್ಯಾ. ಕರುವಿನಷ್ಟು ಎತ್ತರ. ಕುರಿಗಾರ ಮಾಯಪ್ಪನ ಹಿಂಡಿನಲ್ಲೇ ಹುಟ್ಟಿ, ಕುರಿಮರಿಗಳ ಜೊತೆಗೇ ಮಲಗಿ ಬೆಳೆದಿತ್ತು. ದೂರದಲ್ಲಿ ಯಾರಾದರೂ ಕಂಡರೆ ಗಾಳಿ ಬಂದು ಹೇಳುತ್ತಿತ್ತು, "ಯಾರೋ ಬರಾಕತ್ಯಾರ, ನೋಡು."

ಕೆಂದ್ಯಾ ಎದ್ದು ಹೋಗುತ್ತಿತ್ತು. ಮೂಸುತ್ತಿತ್ತು. ನೆಂಟನಾದರೆ ಬಾಲ ಆಡಿಸಿ ಕರೆತರುತ್ತಿತ್ತು. ತೋಳವಾದರೆ ಎದೆ ಕೊಟ್ಟು ನಿಲ್ಲುತ್ತಿತ್ತು. ತೋಳ ಹಾಗೇ ಹಿಂದಿರುಗುತ್ತಿತ್ತು.

ಒಂದು ದಿನ ಬೇರೆ ಹಟ್ಟಿಯ ಕುರಿಗಾರರು ಬಂದರು. "ಏನ್ ನಾಯೋ ಮಾಯಪ್ಪ! ಹುಲಿ ಇದ್ದಂಗ ಐತಿ," ಅಂದರು. ಮಾಯಪ್ಪ ಉಬ್ಬಿಹೋದ. ಹೋಗಿಬರುವವರೆಲ್ಲ ನೋಡಲಿ ಅಂತ ಕರಿ ಉಣ್ಣೆಯ ಹಗ್ಗ ಹೊಸೆದ. ಅದಕ್ಕೆ ಕವಡೆ ಪೋಣಿಸಿದ. ಹಟ್ಟಿಯ ಬಾಗಿಲಲ್ಲಿ ಗೂಟ ಹೊಡೆದು ಕೆಂದ್ಯಾನನ್ನು ಕಟ್ಟಿದ. ಯಾವ ಕುರಿಗಳನ್ನು ಕಾಯುತ್ತಿತ್ತೋ ಅವುಗಳ ಉಣ್ಣೆಯೇ ಅದರ ಕೊರಳಿಗೆ ಬಿತ್ತು! ಇದನ್ನವನು ಮರ್ಯಾದೆ ಅಂದುಕೊಂಡ.

ಅವನ ತಾಯಿ ಹಾಲವ್ವ ಗದರಿದಳು. "ಕಾಯೋ ನಾಯಿನ ಯಾರರ ಕಟ್ಟತಾರೇನೋ, ಖೋಡಿ?"

"ಸುಮ್ಕಿರವ್ವ. ಇಲ್ಲೇ ಕುಂತ್ರ ಸಾಕು, ನೋಡಿದವರು ಹೆದರತಾರ."

ಬಿಸಿಲು ಏರಿತು. ಗೂಟದ ಬಳಿ ನೆರಳಿರಲಿಲ್ಲ. ನೀರಿನ ಗಡಿಗೆ ಎಟುಕುವಂತಿರಲಿಲ್ಲ. ಅಷ್ಟರಲ್ಲಿ ಗಾಳಿ ಓಡಿಬಂತು. "ಕೆಂದ್ಯಾ, ಗುಡ್ಡದ ಕಡಿಂದ ಯಾರೋ ಬರಾಕತ್ಯಾರ. ಏಳು!"

ಕೆಂದ್ಯಾ ಎದ್ದಿತು. ಹಗ್ಗ ಜಗ್ಗಿತು.

ಬಂದದ್ದು ತೋಳ. ಆರಾಮಾಗಿ ನಡೆದು ಬಂತು. "ಏನ್ ಸಾಹೇಬ್ರ, ಕೊರಳಾಗ ಕವಡಿ ಸರ! ಮದುಮಗ ಆಗೀರೇನು? ಕುಂದರ್ರಿ, ಕುಂದರ್ರಿ, ಏಳಬ್ಯಾಡ್ರಿ."

ಕೆಂದ್ಯಾನ ಬೆನ್ನಿಗೆ ಒರಗಿ ಮಲಗುತ್ತಿದ್ದ ಮರಿಯನ್ನೇ, ಅದರ ಕಣ್ಣೆದುರಿಗೇ, ತೋಳ ಕಚ್ಚಿಕೊಂಡು ಹೋಯಿತು. ಕೆಂದ್ಯಾ ಗೂಟದ ಸುತ್ತ ಸುತ್ತಿತು. ಜಗ್ಗಿ ಜಗ್ಗಿ ಕೊರಳ ಚರ್ಮ ಕಿತ್ತುಬಂತು.

ಕುರಿಗಳ ಕೂಗು ಕೇಳಿ ಮಾಯಪ್ಪ ಓಡಿಬಂದ. ಕೋಲೆತ್ತಿದ. ಯಾರ ಮೇಲೆ? ನಾಯಿಯ ಮೇಲೆ! "ತಿಂದು ಕೊಬ್ಬೀದಿ! ಕೂಗಾಕ ಬಾಯಿ ಇರಲಿಲ್ಲೇನು?"

ಹಾಲವ್ವ ಅವನ ಕೋಲು ಹಿಡಿದು ತಡೆದಳು. "ಅದಕ್ಕ ಕಾಲಿದ್ದುವು. ನೀ ಕಟ್ಟಿದಿ. ಬಿಚ್ಚು."

ಅವನು ಬಿಚ್ಚಲಿಲ್ಲ. ಬಿಚ್ಚಿದರೆ ತಪ್ಪು ತನ್ನದು ಅಂತ ಒಪ್ಪಿದಂತಾಗುತ್ತದಲ್ಲ! ಇನ್ನೊಂದು ಗಂಟು ಹಾಕಿದ.

ಆಗ ಕೆಂದ್ಯಾ ಗಾಳಿಯನ್ನು ಕೇಳಿತು, "ನಾ ಹೋಗಾಂಗಿಲ್ಲ. ನನ್ನ ದನಿನಾದ್ರೂ ಒಯ್ತಿಯೇನು?"

"ಕೊಡು, ಒಯ್ತೀನಿ," ಅಂತು ಗಾಳಿ.

ಎಂದೂ ಕೇಳದ ಸದ್ದು ಕೆಂದ್ಯಾನ ಎದೆಯಿಂದ ಹೊರಟಿತು. ಯಾರದು? ಯಾರದು? ಹತ್ತಿರ ಬಾ, ಮೂಸಬೇಕು! ತೋಳಕ್ಕೂ ಅದೇ ಕೂಗು, ನೆಂಟನಿಗೂ ಅದೇ ಕೂಗು. ಮೂಸಲು ಬಿಡದ ಮೇಲೆ ತಿಳಿಯುವುದು ಹೇಗೆ? ಜನ ಉತ್ತರ ಕೊಡಲಿಲ್ಲ, ಕಲ್ಲು ಎಸೆದರು. ಕಲ್ಲು ಬಿದ್ದ ಮೇಲೆ ಅದು ಹಲ್ಲು ತೋರಿಸಿತು. ಹಲ್ಲು ಕಂಡ ಮೇಲೆ, "ನೋಡಿದಿರಾ, ಎಂಥಾ ಕೆಟ್ಟ ನಾಯಿ," ಅಂದರು.

ಅದಕ್ಕೇ ಮಗು, ಇವತ್ತಿಗೂ ಗೇಟಿನೊಳಗೆ ಸರಪಳಿಯಲ್ಲಿರುವ ದೊಡ್ಡ ನಾಯಿ ಕಳ್ಳನಿಗೂ ಬೊಗಳುತ್ತದೆ, ಹಾಲಿನವನಿಗೂ ಬೊಗಳುತ್ತದೆ, ನಿನಗೂ ಬೊಗಳುತ್ತದೆ.

ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದರೆ ಈಗಲೇ ಒಳಗೆ ಹೋಗು. ಅಪ್ಪನ ಎದುರು ನಿಂತು ಹೇಳು: ಅದನ್ನು ಬಿಚ್ಚು, ದಿನಾ ಓಡಾಡಿಸು, ಬಂದವರನ್ನು ಮೂಸಲು ಬಿಡು. "ನಾಳೆ ನೋಡೋಣ" ಅಂದರೆ ಅಲ್ಲಿಂದ ಕದಲಬೇಡ.