ಬೋಗುಣಿಯ ನೀರು

"ಗುರುಗಳೇ, ಕ್ರಾಂತಿಗೆ ಹೊರಟವರ ಜೊತೆ ಇಗರ್ಜಿ ನಿಲ್ಲಬೇಕೇ, ಇಲ್ಲ ಅವರಿಂದ ದೂರ ಇರಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ. ಮುಂದಿನ ತಿಂಗಳು ಅವನಿಗೆ ಗುರುದೀಕ್ಷೆ, ಪಾದ್ರಿಯಾಗುವವನಿದ್ದ.

"ಉತ್ತರ ಸಿಕ್ಕರೆ ಪ್ರವಚನಕ್ಕೆ ಸೇರಿಸಿಕೊಳ್ಳುತ್ತೀಯ, ಅಷ್ಟೇ ತಾನೇ?" ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹೆಂಚಿನ ಕಾರ್ಖಾನೆ. ಎದುರಿಗೇ ಇಗರ್ಜಿ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವುದು ಪದ್ಧತಿ. ಆ ಊರಿನಲ್ಲಿ ಹನ್ನೆರಡು ಕುರ್ಚಿಯೂ ಕಾರ್ಖಾನೆಯ ಧಣಿಯ ಮನೆಯವರಿಗೇ. ಪಾದ್ರಿಯ ಮುಂದೆ ಕೊಳಕು ಕಾಲು ಚಾಚುವುದುಂಟೇ? ಅವರು ಮನೆಯಲ್ಲೇ ಸೋಪು ಹಾಕಿ ತೊಳೆದುಕೊಂಡು ಬರುತ್ತಿದ್ದರು. ಪಾದ್ರಿ ನಾಲ್ಕು ಹನಿ ಚಿಮುಕಿಸಿ ಒರೆಸುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು.

ಒಂದು ವರ್ಷ ಕೆಲಸಗಾರರು ದಂಗೆಯೆದ್ದರು. ಸಭೆ ಸೇರಲು ಇಗರ್ಜಿಯ ಅಂಗಳ ಕೇಳಿದರು. ಧಣಿ ಕೂಡದೆಂದ. ಧಣಿಯ ಮಾತು ಪಾದ್ರಿಗೆ ವೇದವಾಕ್ಯ. ಗೇಟಿಗೆ ಬೀಗ ಜಡಿದು ಕೀಲಿಯನ್ನೂ ಧಣಿಗೇ ಒಪ್ಪಿಸಿದ. ಬೀದಿಯಲ್ಲಿ ಸೇರಿದವರ ಮೇಲೆ ಲಾಠಿ ಬಿತ್ತು. ಒಬ್ಬ ಸತ್ತ.

ಆ ವರ್ಷದ ಪವಿತ್ರ ಗುರುವಾರ ಕೆಲಸಗಾರರು ಇಗರ್ಜಿಯನ್ನು ಮುತ್ತಿದರು. ಅವರ ಮುಂದಾಳು ಹೆಂಚಿನ ಮಣ್ಣು ತುಳಿಯುವವನು. ಹಾರೆ ಹಿಡಿದು, ಗೋಡೆ ಹಾರಿ ಒಳಗೆ ಬಂದ. ಧಣಿಯ ಮನೆಯವರು ಹೆದರಿ ಒಬ್ಬರೂ ಬಂದಿರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಪಾದ್ರಿ ನೀರಿನ ಬೋಗುಣಿ ಇಟ್ಟುಕೊಂಡು ಮೊಣಕಾಲೂರಿದ್ದ.

"ನಾನು ಈ ಇಗರ್ಜಿಯನ್ನು ಒಡೆಯಲಿಕ್ಕೆ ಬಂದವ" ಎಂದ ಮುಂದಾಳು.

"ಒಡಿ ಮಾರಾಯ, ತಡೆಯುವವರು ಯಾರಿದ್ದಾರೆ? ಅದಕ್ಕೆ ಮೊದಲು ಒಂದು ಗಳಿಗೆ ಕೂತುಕೋ. ಇವತ್ತು ಒಬ್ಬರದಾದರೂ ಕಾಲು ತೊಳೆಯದೆ ಹೇಗಿರಲಿ?"

ಏನು ತೋಚಿತೋ, ಅವನು ಕುಳಿತ. ಹಾರೆ ಮಾತ್ರ ಕೈಬಿಡಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟೋ ವರ್ಷದ ಮಣ್ಣು ಕೂತಿತ್ತು. ಪಾದ್ರಿ ಬೆರಳಿನಿಂದ ಉಜ್ಜಿದ. ಬೋಗುಣಿಯ ನೀರು ಕೆಂಪಾಯಿತು. ಮೂವತ್ತು ವರ್ಷದಲ್ಲಿ ಆ ನೀರು ಒಮ್ಮೆಯೂ ಬಣ್ಣ ಬದಲಿಸಿರಲಿಲ್ಲ. ದೇವರೇ ಬಂದು ಎದುರು ಕುಳಿತಿದ್ದಾನೆ ಎಂದು ಪಾದ್ರಿಗೆ ಅನ್ನಿಸಿತು. ತಲೆಯೆತ್ತಲು ಧೈರ್ಯ ಸಾಲಲಿಲ್ಲ. ಪದ್ಧತಿಯಂತೆ ಪಾದಕ್ಕೆ ಮುತ್ತಿಟ್ಟ.

ಆಮೇಲೆ ಎದ್ದು ಅವನ ಕೈಯಿಂದ ಹಾರೆ ತೆಗೆದುಕೊಂಡ. ಗೇಟಿಗೆ ನಡೆದು ತಾನೇ ಬೀಗ ಒಡೆದ. "ಇನ್ನೂ ಹನ್ನೊಂದು ಕುರ್ಚಿ ಇದೆ, ಬನ್ನಿ" ಎಂದ. ಹೊರಗಿದ್ದ ಇನ್ನೂರು ಜನ ನಿಂತಲ್ಲೇ ನಿಂತರು. ಮೊದಲು ಒಳಗೆ ಬಂದವಳು ಸತ್ತವನ ತಾಯಿ.

ಗುರು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಕೊನೆಗೆ ಯಾರು ಯಾರ ಕಡೆ ಬಂದ ಹಾಗಾಯಿತು, ಗುರುಗಳೇ?" ಎಂದ.

"ಮುಂದೆ ನಿನ್ನ ಕೈಗೂ ಬೋಗುಣಿ ಬರುತ್ತದಲ್ಲ, ಅದರ ನೀರು ಕೆಂಪಾದ ದಿನ ಬಂದು ಈ ಪ್ರಶ್ನೆ ಕೇಳು" ಎಂದರು ಗುರು.