ಸೆರೆಮನೆಯ ಎರಡನೇ ಗಡಿಗೆ

ಒಂದಾನೊಂದು ಊರು. ಊರಿಗೊಬ್ಬ ರಾಜ, ರಾಜನಿಗೊಂದು ಕೋಟೆ, ಕೋಟೆಗೊಂದು ಸೆರೆಮನೆ, ಸೆರೆಮನೆಗೊಂದು ಹಂಡೆ, ಹಂಡೆಗೊಂದು ಸೌಟು. ಎರಡನೇ ಹಂಡೆ ಇರಲಿಲ್ಲ, ಎರಡನೇ ಸೌಟೂ ಇರಲಿಲ್ಲವಂತೆ.

ಆ ಸೆರೆಮನೆಯಲ್ಲಿ ಸಾತವ್ವ ಅನ್ನುವ ಕಳ್ಳಿ ಇದ್ದಳು. ಗೋಡೆಗೆ ಕನ್ನ ಕೊರೆಯುವುದರಲ್ಲಿ ಅವಳ ಕೈ ಎಷ್ಟು ಹಗುರವೆಂದರೆ ಗೋಡೆಯೊಳಗಿನ ಇಲಿಗೂ ಎಚ್ಚರವಾಗುತ್ತಿರಲಿಲ್ಲವಂತೆ. ಜನ ಅವಳನ್ನು ಕನ್ನದ ಸಾತಿ ಅನ್ನುತ್ತಿದ್ದರು. ಏಳು ಸೀಮೆ ತಿರುಗಿದವಳು, ಏಳು ಸೀಮೆಯ ಸೆರೆಮನೆಗಳಲ್ಲಿ ಉಂಡವಳು. ಬೇರೆಯವರು ಒಂದು ಊರನ್ನು ಅದರ ಗುಡಿ ನೋಡಿ ಅಳೆದರೆ ಇವಳು ಸೆರೆಮನೆಯ ಸಾರು ನೆಕ್ಕಿ ಅಳೆಯುತ್ತಿದ್ದಳು. ಈ ಊರಲ್ಲಿ ಸಿಕ್ಕಿಬಿದ್ದದ್ದೂ ನಾಲಿಗೆಯ ದೆಸೆಯಿಂದಲೇ. ಕನ್ನ ಕೊರೆದು ಒಳಗೆ ಹೋದವಳು ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ಕಂಡಳು. ಒಂದು ತಿಂದಳು, ಇನ್ನೊಂದು ತಿಂದಳು, ಮೂರನೆಯದಕ್ಕೆ ತುಪ್ಪ ಹುಡುಕುವಾಗ ಮನೆಯೊಡತಿ ಎದ್ದುಬಿಟ್ಟಳು. "ತುಪ್ಪದ ಆಸೆ ಬಿಟ್ಟಿದ್ರ ಪಾರಾಗ್ತಿದ್ದೆ" ಅಂತ ಹೇಳಿಕೊಂಡು ಅವಳೇ ನಗುತ್ತಿದ್ದಳು. ಬರುವ ಹುಣ್ಣಿಮೆಗೆ ಅವಳ ಬಿಡುಗಡೆ.

ಸೆರೆಮನೆಯ ಯಜಮಾನಿಕೆ ಕಿಲ್ಲೇದಾರ ಖಂಡೇರಾಯನದು. ದಿನಕ್ಕೆ ಒಂದೇ ಊಟ. ದೀಪ ಹಚ್ಚಿದ ಮೇಲೆ ಜಾಗಟೆ, ಜಾಗಟೆ ಆದ ಮೇಲೆ ಹಂಡೆ, ಹಂಡೆಯಲ್ಲಿ ಜೋಳದ ನುಚ್ಚು, ನುಚ್ಚಿನ ಮೇಲೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಅರೆದು ಕುದಿಸಿದ ಕುರಿ ಎಲುಬಿನ ಸಾರು. ಉಂಡವ ಉಂಡ, ಬಿಟ್ಟವ ಬಿಟ್ಟ.

ಹೀಗಿರುವಾಗ ಒಂದು ದಿನ ಪಾಯಣ್ಣ ಅನ್ನುವ ಮುದುಕನನ್ನು ಹಿಡಿದು ತಂದರು. ಕಂಚಿನ ಎರಕ ಹೊಯ್ಯುವ ಬೋಗಾರರವನು, ಜೈನ. ಅವನು ಎರೆದುಕೊಟ್ಟ ಅರಮನೆಯ ಜಾಗಟೆ ಮೊದಲ ಪೆಟ್ಟಿಗೇ ಸೀಳಿತ್ತಂತೆ. ತಾಮ್ರ ಕದ್ದು ಸೀಸ ಬೆರೆಸಿದ್ದಾನೆ ಅಂತ ದೂರು. ರಾಜ ಬೇಟೆಗೆ ಹೋಗಿದ್ದ. ಹುಣ್ಣಿಮೆಗೆ ಬರುತ್ತಾನೆ, ಬಂದು ನ್ಯಾಯ ಕೇಳುತ್ತಾನೆ, ಅಲ್ಲಿಯವರೆಗೆ ಇಲ್ಲೇ ಬಿದ್ದಿರು ಅಂದರು.

ಮೊದಲ ಸಂಜೆ ಪಾಯಣ್ಣ ತನ್ನ ಎಲೆಯನ್ನು ಸಾತಿಯ ಕಡೆ ಸರಿಸಿದ. ಸಾತಿ ತಿಂದಳು. ಎರಡನೇ ಸಂಜೆಯೂ ಸರಿಸಿದ, ಸಾತಿ ತಿಂದಳು. ಮೂರನೇ ಸಂಜೆ ಮುದುಕ ಎಲೆ ಸರಿಸಲಾರದೆ ಗೋಡೆಗೆ ಒರಗಿದ. ಸಾತಿ ಎತ್ತಿದ ತುತ್ತನ್ನು ತನ್ನ ಎಲೆಗೇ ಇಳಿಸಿದಳು.

"ಯಜ್ಜಾ, ನಿನ್ನ ಪಾಲು ತಿಂದು ತಿಂದು ನಾ ಉಬ್ಬಾಕತ್ತೇನಿ, ನೀ ಒಣಗಾಕತ್ತಿ. ಜೈನರವಾ ಏನು?"

"ಹೌದವಾ. ನಿನಗ ಹೆಂಗ ಗೊತ್ತಾತು?"

"ನಿಮ್ಮವರ ಮನಿಗೆ ಕನ್ನ ಹಾಕೇನಲ್ಲ! ಹೊತ್ತು ಮುಣುಗೂದ್ರಾಗ ಒಲಿ ತಣ್ಣಗ, ಗಡಿಗಿ ಬೋರಲು. ಒಂದು ಉಳ್ಳಾಗಡ್ಡಿ ಸುದ್ದಾ ಸಿಗಲಿಲ್ಲ. ಕಳ್ಳರನ್ನ ಹಂಗ ಉಪಾಸ ಕಳಸೋ ಮನಿ ನಾ ಎಲ್ಲೂ ಕಂಡಿಲ್ಲ."

ಮುದುಕ ಹಸಿವಿನಲ್ಲೂ ನಕ್ಕನಂತೆ.

"ಹುಣ್ಣಿಮಿ ತನಕ ಜೀವ ಹಿಡೀತೀಯೇನು?" ಸಾತಿ ಕೇಳಿದಳು.

"ಹಿಡಿಯೂದಿಲ್ಲ ಅನಸತೈತಿ. ಆದ್ರ ಸಣ್ಣವಿದ್ದಾಗಿಂದ ಹಿಡಿದದ್ದನ್ನ ಸಾಯೋ ಹೊತ್ತಿನ್ಯಾಗ ಹೆಂಗ ಬಿಡಲವಾ?"

ಬೆಳಗಾಯಿತು. ಖಂಡೇರಾಯ ಮೀಸೆ ತೀಡುತ್ತ ಬಂದ. ಸಾತಿ ಎದ್ದು ನಿಂತು ಸರಳು ಹಿಡಿದಳು.

"ಕಿಲ್ಲೇದಾರ್ರ, ಮುದುಕಗ ಒಂದು ಹೊಸಾ ಗಡಿಗಿ, ಒಂದು ಬೊಗಸಿ ಹೆಸರುಬ್ಯಾಳಿ, ಒಂದು ಚೂರು ತುಪ್ಪ ಕೊಡಸ್ರಿ. ಹಗಲಾಗ ತಾನ ಬೇಸಿಕೊಂಡು ಉಣ್ಣಲಿ."

"ಅವ ಏನು ನಮ್ಮ ಬೀಗನಾ? ಅರಸರ ಅನ್ನ ಬ್ಯಾಡಾದ್ರ ಉಪಾಸ ಬೀಳಲಿ."

"ಉಪಾಸ ಬಿದ್ದು ಸತ್ರ ಹುಣ್ಣಿಮಿಗೆ ಅರಸರು ಯಾರನ್ನ ಕೇಳತಾರ್ರಿ? ಹೆಣಾನ ಕೇಳೂದಿಲ್ಲ. ಹೆಣಾ ಕಾದವರನ್ನ ಕೇಳತಾರ."

ಖಂಡೇರಾಯನ ಕೈ ಮೀಸೆಯ ಮೇಲೇ ನಿಂತಿತು. ಆಮೇಲೆ ದನಿ ಇಳಿಸಿ ಹೇಳಿದ: "ಖರೆ ಹೇಳ್ತೇನಿ ಕೇಳು ಸಾತಿ. ಗಡಿಗಿ ಕೊಡೂದು ದೊಡ್ಡ ಮಾತಲ್ಲ. ಇವತ್ತು ಇವನ ಗಡಿಗ್ಯಾಗ ತುಪ್ಪದ ವಾಸನಿ ಎದ್ರ ನಾಳೆ ಇಡೀ ಸೆರಿಮನಿ ಜೈನರಾಗತೈತಿ. ಆಗ ಖರೆ ಯಾರು, ಸುಳ್ಳ ಯಾರು ಅಂತ ನಾ ಎದಿ ಸೀಳಿ ನೋಡಲ್ಯಾ?"

"ಎಲ್ಲಾರೂ ಆಗಲಿ ಬಿಡ್ರಿ. ಕೇಳಿದವರಿಗೆಲ್ಲಾ ಕೊಡ್ರಿ. ಹುಣ್ಣಿಮಿ ಬರೂದ್ರಾಗ ಸುಳ್ಳು ಜೈನ ಒಬ್ಬನೂ ಉಳಿಯೂದಿಲ್ಲ. ಉಳದ್ರ ನನ್ನ ಬಿಡುಗಡಿ ಬ್ಯಾಡ, ಇನ್ನೊಂದು ವರ್ಷ ಇಲ್ಲೇ ಇರತೇನಿ."

"ಮಾತು ಕೊಟ್ಟಿ?"

"ಕೊಟ್ಟೆ. ಕದ್ದ ಮಾಲು ತಿರಗಿ ಕೊಟ್ಟಿಲ್ಲ, ಕೊಟ್ಟ ಮಾತು ತಿರಗಿ ತಗೊಂಡಿಲ್ಲ."

ಹೊಸ ಗಡಿಗೆ ಬಂತು. ಪಾಯಣ್ಣ ಅಂಗಳದಲ್ಲಿ ಮೂರು ಕಲ್ಲು ಹೂಡಿ, ನೀರು ಸೋಸಿ, ಬೇಳೆ ಬೇಯಿಸಿ, ತುಪ್ಪದಲ್ಲಿ ಜೀರಿಗೆ ಸಿಡಿಸಿದ. ಆ ವಾಸನೆ ಒಂದು ಕೋಣೆಗೆ ಹೋಯಿತು, ಎರಡನೇ ಕೋಣೆಗೆ ಹೋಯಿತು, ಇಡೀ ಸೆರೆಮನೆ ಸುತ್ತಿ ಬಂತು. ಮುದುಕ ಉಂಡ. ಅವನ ಕಣ್ಣಿಗೆ ಜೀವ ಬಂತು.

ಮಾರನೇ ದಿನ ಖಂಡೇರಾಯ ಹೇಳಿದಂತೆಯೇ ಆಯಿತು. ದರೋಡೆಗಾರ ಜೈನನಾದ, ಜೂಜುಕೋರ ಜೈನನಾದ. ಪಕ್ಕದ ಮನೆಯ ಹೋತ ಕದ್ದು ಒಬ್ಬನೇ ಕೂತು ತಿಂದು ಒಳಗೆ ಬಂದಿದ್ದ ಯಮನಪ್ಪ ಎಲ್ಲರಿಗಿಂತ ಮುಂದೆ ನಿಂತು, "ನಾನೂ ಜೈನನ ರೀ. ಮರತಬಿಟ್ಟಿದ್ದೆ" ಅಂದ.

ಖಂಡೇರಾಯ ಸಾತಿಯ ಕಡೆ ನೋಡಿದ. ಸಾತಿ ನಕ್ಕಳು.

"ಕೊಡ್ರಿ ಸಾಹೇಬ್ರ. ಆದ್ರ ಅರ್ಧಾ ಕೊಡಬ್ಯಾಡ್ರಿ, ಪೂರ್ತಿ ಕೊಡ್ರಿ. ಯಜ್ಜಾ, ಇವರಿಗೆಲ್ಲಾ ನಿನ್ನ ನೇಮ ಹೇಳು."

ಪಾಯಣ್ಣ ಮೆಲ್ಲಗೆ ಹೇಳಿದ. ಮಾಂಸ ಇಲ್ಲ. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ನೆಲದೊಳಗಿನ ಗಡ್ಡೆ ಇಲ್ಲ. ಜೇನು ಇಲ್ಲ. ಹೊತ್ತು ಮುಳುಗಿದ ಮೇಲೆ ತುತ್ತಿಲ್ಲ, ಗುಟುಕೂ ಇಲ್ಲ. ಎಲ್ಲರೂ ಹೂಂ ಅಂದರು, ಇದೇನು ಮಹಾ ಅಂದರು.

"ಇನ್ನೊಂದೈತಿ. ಯಾವ ಜೀವಾನೂ ಕೊಲ್ಲಬಾರದು. ತಿಗಣಿನೂ."

ಹೂಂ ಅನ್ನುವವರು ಯಾರೂ ಉಳಿಯಲಿಲ್ಲವಂತೆ. ಆ ಸೆರೆಮನೆಯ ತಿಗಣೆ ಅಂದರೆ ಸಾಮಾನ್ಯ ತಿಗಣೆಯಲ್ಲ, ಕಾವಲುಗಾರರಿಗಿಂತ ಹಳೆಯ ನೌಕರರು.

ಆದರೂ ತುಪ್ಪದ ಆಸೆ, ಒಪ್ಪಿಕೊಂಡರು. ಹಗಲು ಚೆನ್ನಾಗಿ ಕಳೆಯಿತು. ದೀಪ ಹಚ್ಚಿದರು, ಜಾಗಟೆ ಬಾರಿಸಿದರು, ಹಂಡೆಯ ಮುಚ್ಚಳ ತೆಗೆದರು. ಎಲುಬಿನ ಸಾರಿನ ವಾಸನೆಗೆ ಜೂಜುಕೋರ ಎದ್ದು ಹೋದ. "ನಮ್ಮವ್ವನ ಕಡೆಯವರು ಅಷ್ಟ ಜೈನರು" ಅಂದ. ಅವನ ಹಿಂದೆ ಅರ್ಧ ಸೆರೆಮನೆ ಹೋಯಿತು. ಉಳಿದರ್ಧಕ್ಕೆ ತಿಗಣೆ ಹತ್ತಿದವು. ಬೆಳಗಾಗುವಷ್ಟರಲ್ಲಿ ಗೋಡೆ ತುಂಬ ಕೆಂಪು ಗೆರೆ, ನೆಲದ ತುಂಬ ಮಾಜಿ ಜೈನರು.

ದಿನ ಉರುಳಿದವು, ಹುಣ್ಣಿಮೆ ಹತ್ತಿರ ಬಂತು. ಹೊಸ ಗಡಿಗೆಯ ಮುಂದೆ ಪಾಯಣ್ಣ ಕೂತಿದ್ದ. ಅವನ ಪಕ್ಕದಲ್ಲಿ ಯಮನಪ್ಪನೂ ಕೂತಿದ್ದ.

ಖಂಡೇರಾಯ ತೊಡೆ ತಟ್ಟಿದ. "ಸೋತಿ ಸಾತಿ! ಇವರಪ್ಪ ಕುರಿ ಕೊಯ್ಯಾವ, ಇವ ಹೋತ ತಿಂದಾವ. ಇವ ಖರೆ ಜೈನನಾದ್ರ ನಾ ಖರೆ ಸನ್ಯಾಸಿ!"

ಸಾತಿಗೂ ಎದೆಯಲ್ಲಿ ಛಳಕ್ ಅಂದಿತು. ಒಂದು ವರ್ಷ ಅಂದರೆ ಎಷ್ಟು ದಾರಿ, ಎಷ್ಟು ಊರು! ಯಮನಪ್ಪನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಯಮನಪ್ಪಣ್ಣಾ, ತುಪ್ಪಕ್ಕ ಉಳದೀಯೇನು? ಖರೆ ಹೇಳು. ನನ್ನ ಕಾಲು ನಿನ್ನ ನಾಲಿಗಿ ಮ್ಯಾಲೆ ನಿಂತಾವು."

ಯಮನಪ್ಪ ತಲೆ ತಗ್ಗಿಸಿದ. "ತುಪ್ಪಕ್ಕ ಬಂದವನ ನಾ. ಆದ್ರ ಅವತ್ತು ಅಜ್ಜ ಕಚ್ಚೋ ತಿಗಣಿನ ಎರಡು ಬೆರಳಾಗ ಹಿಡಿದು ಗ್ವಾಡಿ ಮ್ಯಾಲೆ ಬಿಡತಿದ್ದ. ನಾನೂ ಒಂದು ಹಿಡಿದೆ. ಅಂಗೈಯಾಗ ಕಾಲು ಬಡೀತು. ಆ ಹೋತಾನೂ ಹಂಗ ಬಡದಿತ್ತಕ್ಕಾ, ನನ್ನ ಕೈಯಾಗ. ಅವತ್ತಿಂದ ಆ ಸಾರು ನನಗ ಬ್ಯಾಡಾಗೈತಿ. ಜೈನ ಅಂತಾರೋ ಏನಂತಾರೋ ನನಗ ಗೊತ್ತಿಲ್ಲ."

ಸಾತಿ ಎದ್ದಳು. ಎದೆಯ ಛಳಕು ಹೋಗಿತ್ತು.

ಹುಣ್ಣಿಮೆ ಬಂತು, ರಾಜನೂ ಬಂದ. ಮಟಮಟ ಮಧ್ಯಾಹ್ನ ಸಭೆ ಸೇರಿತು. ಖಂಡೇರಾಯ ಪಂದ್ಯದ ಕಥೆ ಹೇಳಿ, "ಇವ ಸುಳ್ಳು, ಇವಳು ಸೋತಾಳ, ದೊರಿ" ಅಂದ.

"ನೀ ಏನಂತೀಯವಾ?" ರಾಜ ಸಾತಿಯನ್ನು ಕೇಳಿದ.

"ಎದಿ ಸೀಳೂದು ಬ್ಯಾಡ್ರಿ ಮಹಾರಾಜ್ರ. ನಿಮ್ಮ ಅಡಗಿಮನಿಯಿಂದ ಒಂದು ತಾಟು ಕುರಿ ಮಾಂಸ ತರಸ್ರಿ. ತಿಂದ್ರ ಇವತ್ತ ಬಿಡುಗಡಿ ಅಂತ ಇವಗ ಹೇಳ್ರಿ. ತಿಂದ ಅಂದ್ರ ನಾ ಒಳಗ, ಅವ ಹೊರಗ."

ತಾಟು ಬಂತು. ಮಸಾಲೆ ಹೊಳೆಯುತ್ತಿತ್ತು, ಹಬೆ ಏಳುತ್ತಿತ್ತು. ಯಮನಪ್ಪ ತಾಟು ನೋಡಿದ. ಕೋಟೆಯ ಬಾಗಿಲು ನೋಡಿದ, ಅದು ಹಾರು ಹೊಡೆದಿತ್ತು, ಆಚೆ ದಾರಿ ಬೆಳ್ಳಗೆ ಕಾಣುತ್ತಿತ್ತು. ಯಮನಪ್ಪ ತಾಟನ್ನು ಮೆಲ್ಲಗೆ ಖಂಡೇರಾಯನ ಮುಂದೆ ಸರಿಸಿದ.

"ನೀವು ಉಣ್ರಿ ಸಾಹೇಬ್ರ. ಆರಿದ್ರ ರುಚಿ ಹೋಗತೈತಿ."

ರಾಜ ತಾಟು ನೋಡಿದ, ಯಮನಪ್ಪನನ್ನು ನೋಡಿದ. ಆಮೇಲೆ ಅಂದ: "ಬಿಡುಗಡಿ ಬಿಟ್ಟು ಹಿಡಕೊಂಡದ್ದು ಸುಳ್ಳಾದ್ರ, ಖರೆ ಅನ್ನೂದು ಎಲ್ಲೈತೋ ಖಂಡೇರಾಯ? ಇವನನ್ನ, ಸಾತಿನ್ನ, ಇಬ್ಬರನ್ನೂ ಬಿಡು."

ಪಾಯಣ್ಣನ ಸರದಿ ಬಂತು. "ದೊರಿ, ಎರಕ ತಣಿಯಾಕ ಬಿಡ್ರಿ ಅಂದಿದ್ದೆ. ನಿಮ್ಮ ಆಳುಗಳು ಬಿಸಿ ಇರೂವಾಗ ಗಾಡಿಗೆ ಹೇರಿದ್ರು. ಆ ಸೀಳಿದ ಜಾಗಟಿನ ಕೊಡ್ರಿ, ಕರಗಿಸಿ ಬ್ಯಾರೆ ಏನೂ ಬೆರಸದ ಎರೀತೇನಿ" ಅಂದ. ಎರೆದ. ತಣಿಯಲು ಬಿಟ್ಟರು. ಹೊಡೆದರೆ ಆ ನಾದ ಹೊಲದಾಚೆಯ ದನಗಳಿಗೂ ಕೇಳಿಸಿತಂತೆ. ಮುದುಕ ಸತ್ತಿದ್ದರೆ ಈ ಮಾತು ಹೇಳುವವರು ಯಾರು, ಈ ಜಾಗಟೆ ಎರೆಯುವವರು ಯಾರು ಅಂತ ರಾಜನಿಗೆ ಹೊಳೆಯಿತು. ಜಾಗಟೆಯನ್ನು ಸೆರೆಮನೆಗೇ ಕೊಟ್ಟ. ಅಂದಿನಿಂದ ಅಲ್ಲಿ ಅದನ್ನು ಎರಡು ಸಲ ಬಾರಿಸುತ್ತಿದ್ದರು: ಹೊತ್ತು ಮುಳುಗುವ ಮೊದಲು ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ. ಮೊದಲನೆಯದು ಪಾಯಣ್ಣನಂಥವರಿಗೆ. ಎರಡನೆಯದಕ್ಕೆ, ರೋಜಾ ತಿಂಗಳಲ್ಲಿ ಹಗಲೆಲ್ಲ ಬಾಯಿಗೆ ನೀರು ಹಾಕದೆ ಕೂತ ಸಾಬರು ಖರ್ಜೂರ ಕೈಯಲ್ಲಿ ಹಿಡಿದು ಕಾಯುತ್ತಿದ್ದರಂತೆ. ಗಡಿಗೆ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು. ರಾಜನ ಉಗ್ರಾಣವೇನೂ ಬರಿದಾಗಲಿಲ್ಲ.

ಸಾತಿ ಎಂಟನೇ ಸೀಮೆಯ ದಾರಿ ಹಿಡಿದಳು. ಯಾವ ಜೈನರ ಮನೆಗೂ ಮತ್ತೆ ಕನ್ನ ಹಾಕಲಿಲ್ಲವಂತೆ. ಭಕ್ತಿಗಲ್ಲ, ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಅಂತ.

ಅವರು ಅಲ್ಲಿ ಅವರವರ ಹೊತ್ತಿಗೆ ಉಂಡು ಮಲಗಿದರು. ನಾವು ಇಲ್ಲಿ ಕಥೆಗೆ ಕಿವಿಗೊಟ್ಟು ಒಲೆ ಮೇಲಿನ ಪಲ್ಯ ಸೀಯಿಸಿಕೊಂಡೆವು.