ತೂಬಿನ ಬುಡದ ಮಣ್ಣು

“ಗುರುಗಳೇ, ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟ ಮೇಲೂ ಅನ್ಯಾಯವಾಗುವುದುಂಟೇ?” ಎಂದು ಚೆನ್ನವೀರ ಕೇಳಿದ.

ಮಠದ ಪಾಠಶಾಲೆಗೆ ಮಕ್ಕಳನ್ನು ಆರಿಸುವ ಕೆಲಸ ಆ ದಿನ ಅವನದಾಗಿತ್ತು. ಬಂದ ಮಕ್ಕಳಿಗೆಲ್ಲ ಒಂದೇ ಪುಸ್ತಕ ಕೊಟ್ಟು ಓದಿಸಿದ್ದ. ಕಲ್ಲು ಒಡೆಯುವವಳೊಬ್ಬಳ ಮಗಳು ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು, ಓದಲಿಲ್ಲ. ಅವಳಿಗೆ ಜಾಗವಿಲ್ಲವೆಂದು ತಾಯಿಗೆ ಹೇಳಿ ಕಳಿಸಿದ. ಪಕ್ಷಪಾತ ಮಾಡಿರಲಿಲ್ಲ. ಆದರೂ ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನ ಕೆರೆಗೆ ಒಬ್ಬ ನೀರುಗಂಟಿಯಿದ್ದ. ಮುಳುಗಿ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಅದಕ್ಕಾಗಿ ಊರವರು ಅವನಿಗೆ ಒಂದು ಗದ್ದೆಯನ್ನೇ ಬಿಟ್ಟುಕೊಟ್ಟಿದ್ದರು. ಒಂದು ದಿನ ಎಂದಿನಂತೆ ನೀರು ಬಿಟ್ಟು ಬಂದು ಊಟಕ್ಕೆ ಕೂತ, ಕೂತವನು ಏಳಲಿಲ್ಲ.

ಊರ ಗೌಡ ಡಂಗುರ ಹೊಡೆಸಿದ: “ಮುಳುಗಿ ತೂಬಿನ ಬುಡದ ಮಣ್ಣು ತಂದವನೇ ಹೊಸ ನೀರುಗಂಟಿ. ಯಾವ ಕೇರಿಯವನಾದರೂ ಸರಿ.” ಅಂಥ ಮಾತನ್ನು ಆ ಊರು ಅದುವರೆಗೆ ಕೇಳಿರಲಿಲ್ಲ.

ಕೆರೆಯ ಏರಿಯಾಚೆಯ ಕೇರಿಯಿಂದ ಒಬ್ಬ ಕೂಲಿಯಾಳು ಬಂದ. ಗದ್ದೆ ಸಿಕ್ಕರೆ ಮಕ್ಕಳು ಕೂಲಿಗೆ ಹೋಗುವುದು ತಪ್ಪುತ್ತದೆ ಎಂಬ ಆಸೆ ಅವನಿಗೆ. ಆದರೆ ಆ ಕೇರಿಯವರು ಕೆರೆಗೆ ಇಳಿಯುವಂತಿರಲಿಲ್ಲ. ಅವರ ಎಮ್ಮೆ ಇಳಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹುಟ್ಟಿದ ಮೇಲೆ ಅವನ ಕಾಲಿಗೆ ಆ ನೀರು ಸೋಕಿದ್ದು ಅಂದೇ. ಸೊಂಟದ ಮಟ್ಟಕ್ಕೆ ಹೋಗುವಷ್ಟರಲ್ಲಿ ಕಾಲಡಿಯ ನೆಲ ಜಾರಿತು. ನೀರು ಕುಡಿದು, ಕೆಮ್ಮುತ್ತ ಮೆಟ್ಟಿಲು ಹಿಡಿದ.

“ನಿನ್ನ ಎಮ್ಮೆಯನ್ನಾದರೂ ಕಳಿಸಬಾರದಿತ್ತೇನೋ, ಅದಕ್ಕೆ ಈಜು ಬರುತ್ತೆ,” ಎಂದ ಏರಿಯ ಮೇಲಿದ್ದ ಒಬ್ಬ. ಎಲ್ಲರೂ ನಕ್ಕರು.

ದಿನವೂ ಅದೇ ಕೆರೆಯಲ್ಲಿ ಮೀಯುತ್ತಿದ್ದ ರೈತನ ಮಗನೊಬ್ಬ ಒಂದೇ ಉಸಿರಿಗೆ ಮುಳುಗಿ ಮಣ್ಣು ತಂದ.

“ನೋಡಪ್ಪ, ನಾವೇನೂ ತಡೆಯಲಿಲ್ಲ,” ಎಂದ ಗೌಡ.

“ಇಲ್ಲ ಗೌಡ್ರೆ, ತಡೀಲಿಲ್ಲ,” ಎಂದ ಕೂಲಿಯಾಳು. “ಗದ್ದೆ ಅವರಿಗೇ ಇರಲಿ. ನಾಳೆಯಿಂದ ನನ್ನ ಮಕ್ಕಳನ್ನ ಇಲ್ಲಿ ಈಜೋಕೆ ಬಿಡಿ. ಅಷ್ಟು ಸಾಕು.”

ಗದ್ದೆಯನ್ನೇ ಕೊಡಲು ಸಿದ್ಧನಿದ್ದ ಗೌಡ ಅದಕ್ಕೆ ಒಪ್ಪಲಿಲ್ಲ.

ಕತೆ ಮುಗಿಯಿತು. ಚೆನ್ನವೀರ, “ಆದರೂ ಗುರುಗಳೇ, ಓದು ಬಾರದವಳನ್ನು ಪಾಠಶಾಲೆಗೆ ಹೇಗೆ ಸೇರಿಸಿಕೊಳ್ಳಲಿ?” ಎಂದ.

“ಓದು ಬಂದಿದ್ದರೆ ಅವಳು ಇಲ್ಲಿಗೆ ಯಾಕೆ ಬರುತ್ತಿದ್ದಳು, ಚೆನ್ನವೀರ?”

ಚೆನ್ನವೀರ ಎದ್ದು ಬಾಗಿಲಿಗೆ ಬಂದ. ಹೊರಗೆ, ಬಿಸಿಲು ತಗ್ಗಲೆಂದು ತಾಯಿ ಮಗಳು ಬೇವಿನ ಮರದ ಕೆಳಗೆ ಇನ್ನೂ ಕೂತಿದ್ದರು.